ಕರುಳು ಹೊಸೆಯುವ ಸುಂಕಮ್ಮ

ಸುಂಕಮ್ಮನ ಹೆಸರು ನನ್ನ ಕಿವಿಗೆ ಬಿದ್ದದ್ದು ನಮ್ಮ ಹಾಸಿಗೆಯ ಹತ್ತಿ ಹಿಂಜಿಸಿದ ದಿನ. ತುಂಗಭದ್ರೆಗೆ ಇನ್ನೂ ಅಣೆಕಟ್ಟೆ ಕಟ್ಟಿರಲಿಲ್ಲ. ನಾನು ಕಂಪ್ಲಿಗೆ ಸೊಸೆಯಾಗಿ ಬಂದು ಮೂರು ತಿಂಗಳು. ಹಿಂಜುವವನ ಬಿಲ್ಲಿನ ದಾರ ಯಾವುದರದೆಂದು ಅತ್ತೆ ಜಂಬಮ್ಮ ಕೇಳಿದರು.

"ಕುರಿ ಕರುಳುರೀ ಅವ್ವಾರ. ಹೊಳಿ ದಂಡಿ ಸುಂಕಮ್ಮ ಹೊಸೀತಾಳ. ಕರುಳು ನೋಡೇ ಕುರಿಗೆ ಏನ್ ರೋಗಿತ್ತಂತ ಹೇಳ್ತಾಳ."

ಲಿಂಗ ಕಟ್ಟಿದ ಮನೆ! ಮೈಲಿಗೆಯಾಯಿತೆಂದು ಅತ್ತೆ ಹತ್ತಿಗೆಲ್ಲ ನೀರು ಚಿಮುಕಿಸಿ, ಆದರೂ ಸಮಾಧಾನವಾಗದೆ ತಿಂಗಳುಗಟ್ಟಲೆ ನಮ್ಮನ್ನು ಚಾಪೆಯ ಮೇಲೆ ಮಲಗಿಸಿದರು. ನನಗೆ ಮಾತ್ರ ಅವನ ಕೊನೆಯ ಮಾತು ನಾಟಿತು. ನನ್ನ ಗಂಡ ಅಂದಾನಪ್ಪನವರಿಗೆ ಬಹಳ ದಿನದಿಂದ ರಕ್ತಭೇದಿ. ಉಂಡರೆ ಹೊಟ್ಟೆ ಹಿಡಿದು ಉರುಳಾಡುವರು. ಹೋದ ರಕ್ತ ತುಂಬಲೆಂದು ಅತ್ತೆ ರೊಟ್ಟಿ, ಕೆಂಪು ಚಟ್ನಿ ತುರುಕುವರು. ಮನುಷ್ಯ ಕಡ್ಡಿಯಾಗಿದ್ದರು. ಎಲ್ಲಿ ಕೈಬಿಟ್ಟು ಹೋಗುವರೋ ಎಂದು ನನಗೆ ಜೀವವೇ ನಿಲ್ಲುತ್ತಿರಲಿಲ್ಲ.

ಬಟ್ಟೆ ಒಗೆಯುವ ನೆಪದಲ್ಲಿ ಹೊಳೆಗೆ ಹೋಗಿ, ಗಂಡನ ಬೇನೆ, ಅತ್ತೆಯ ರೊಟ್ಟಿ ಎಲ್ಲ ಹೇಳಿದೆ. ಸುಂಕಮ್ಮ ಮೂರು ಕರುಳನ್ನು ಬಂಡೆಯ ಮೇಲೆ ಹರವಿದಳು.

"ಮೂಗು ಮುಚ್ಕ, ಕಣ್ಣು ತೆಗಿ. ಇದು ಚಲೋದು, ನರ ಎಲಿ ಮ್ಯಾಲಿನ ಎಳಿ ಹಂಗ ಅದಾವು. ಇದು ಬೇದಿ ಹತ್ತಿ ಎಲ್ಡು ದಿನಕ್ಕ ಬಿದ್ದ ಕುರೀದು. ರಕ್ತ ನುಗ್ಗಿ ದಾಸಾಳ ಹೂವಿನಂಗ ಕೆಂಪಾಗೇತಿ. ಇದು ಭಾಳ ದಿನ ಬಾತಿದ್ದು; ದಪ್ಪಾಗಿ, ಬಿಳಿಚಿ, ನರ ಬತ್ತ್ಯಾವು. ಉಂಡಾಗ ಕರುಳು ರಕ್ತ ಬೇಡ್ತೈತಿ. ನರದ ಕಾಲುವೀನೇ ಕಟ್ಟಿದ್ರ ಎಲ್ಲಿಂದ ಬರಬೇಕು? ಅದಕ್ಕ ನೋವು. ನಿನ್ನ ಗಂಡಂದೂ ಹಿಂಗಾ ಇರಬೇಕು. ಅದರ ಮ್ಯಾಲೆ ರೊಟ್ಟಿ ಪೆಟ್ಟು ಬ್ಯಾರೆ! ತೆಳ್ಳನ್ನ ಗಂಜಿ ಕೊಡು, ಒಂದೊಂದು ಬಟ್ಟಲ, ದಿನಕ್ಕ ಆರು ಸಲ."

"ನೀನು ಹೇಳಿದ್ದಂದ್ರ ಅತ್ತಿ ನನ್ನ ಹೊಳಿಗೆ ತಳ್ತಾಳ."

"ನನ್ನ ಹೆಸರ್ಯಾಕಲೇ? ಹೊತ್ಕಳಾಕ ದೇವ್ರಿಲ್ಲೇನು?"

ಮರುದಿನ ಬೆಳಗ್ಗೆ ಹೊಸಪೇಟೆ ಗುಡ್ಡದ ಜಂಬುನಾಥ ನನ್ನ ಕನಸಿಗೆ ಬಂದು ಗಂಡ ಮೂರು ತಿಂಗಳು ಗಂಜಿಯಲ್ಲೇ ಇರುವ ಹರಕೆ ಕೇಳಿದ್ದನೆಂದು ಅತ್ತೆಗೆ ಹೇಳಿಬಿಟ್ಟೆ. ಅತ್ತೆ ಅತ್ತರು, ವಿಭೂತಿ ಧರಿಸಿ ತಾವೇ ಗಂಜಿ ತಿರುವಿದರು, ಓಣಿಗೆಲ್ಲ ಸೊಸೆಯ ಭಕ್ತಿ ಸಾರಿದರು. ರಕ್ತ ನಿಂತಿತು. ಸುಗ್ಗಿಯ ಹೊತ್ತಿಗೆ ನಮ್ಮವರು ನನ್ನೊಡನೆ ಜಗಳವಾಡುವಷ್ಟು ಗಟ್ಟಿಯಾದರು.

ಸುಂಕಮ್ಮ ಮುದುಕಿಯಾಗಿ, ಅದೇ ಕರುಳಿನ ಬೇನೆಯಲ್ಲಿ ಮಲಗಿದಾಗ ನೋಡಲು ಹೋದೆ. ವೈದ್ಯರು ಕೈಚೆಲ್ಲಿದ್ದರು. ಅವಳ ಸೊಸೆ ಎರ್ರೆಮ್ಮ ಮಾತ್ರ ಬಿಡದೆ, ಅತ್ತೆಯೇ ಕಲಿಸಿದಂತೆ, ದಿನಕ್ಕೆ ಆರು ಸಲ ಗಂಜಿ ಕುಡಿಸುತ್ತಿದ್ದಳು. ಎರ್ರೆಮ್ಮ ಬಟ್ಟಲು ತೊಳೆಯಲು ಹೊರಗೆ ಹೋದದ್ದೇ ತಡ, ಮುದುಕಿ ನನ್ನ ಸೆರಗು ಜಗ್ಗಿದಳು.

"ಲೇ ಸಂಗಮ್ಮ, ನಿನ್ನ ಜಂಬುನಾಥಗ ಇನ್ನೊಂದ್ಸಲ ಕನಸಿಗೆ ಬರಾಕ ಹೇಳು. ಗಂಜಿ ಸಾಕು, ಸುಂಕಮ್ಮಗ ಒಂದು ಬಟ್ಟಲ ಕುರಿ ಕರುಳಿನ ಸಾರು ಕೊಡ್ರಿ ಅಂತ ಅಪ್ಪಣಿ ಆಗ್ಲಿ. ಲಿಂಗ ಕಟ್ಟಿದ ನಿನ್ನ ಬಾಯಿಂದ ಬಂದ್ರ ನಮ್ಮ ಎರ್ರೆಮ್ಮ ನಂಬ್ತಾಳ."