ಪಡುವಣಕ್ಕೆ ಬಾಗಿಲಿಟ್ಟ ತಲಾಸೊ

ಅಮೆರಿಕದ ಬಾಥೆಲ್‌ನಲ್ಲಿ ನಮ್ಮ ಹಿತ್ತಲಿನಾಚೆಯ ಅಪಾರ್ಟ್‌ಮೆಂಟಿನಲ್ಲಿದ್ದ ತಲಾಸೊ ಎವರೆಟ್‌ನ ಒಂದು ಲಾಂಡ್ರಿಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಆದರೆ ಅವಳ ನಿಜವಾದ ವಿದ್ಯೆ ಮನೆ ಮಡಿಸುವುದು. ಉತ್ತರ ಕೆನ್ಯಾದ ಮರಳುಗಾಡಿನಲ್ಲಿ ಒಂಟೆ ಸಾಕುವ ಗಬ್ರಾ ಜನರವಳು. ಮೇವು ಮುಗಿದರೆ ಅಲ್ಲಿ ಊರೇ ಎದ್ದು ಹೊರಡುತ್ತದೆ. ಡೇರೆ ಹೆಂಗಸಿನ ಸೊತ್ತು. ಕಟ್ಟುವವಳೂ ಬಿಚ್ಚುವವಳೂ ಅವಳೇ, ಗಂಡಸು ಮುಟ್ಟುವಂತಿಲ್ಲ. ತಲಾಸೊ ಬಿಚ್ಚುವ ವೇಗಕ್ಕೆ ಒಳಗಿದ್ದ ನೊಣಗಳಿಗೂ ಹೊರಗೆ ಹಾರಲು ಪುರಸೊತ್ತು ಸಿಗದೆ, ಒಂಟೆಯ ಮೇಲೆ ಕೂತೇ ಮುಂದಿನ ಬಿಡಾರ ಸೇರುತ್ತಿದ್ದವು. ನಾನು ಅಂಗಡಿಯಿಂದ ತಂದ ಡೇರೆಯನ್ನು ಬೆಲ್ವ್ಯೂವಿನ ನಾಲ್ವರು ಇಂಜಿನಿಯರುಗಳು ಮೂರು ವಾರ ನಿಲ್ಲಿಸಲು ಹೆಣಗಿದರು. ಕೊನೆಗೆ ಅದು ಕೊಡೆಯಾಗಿತ್ತು.

ಮಗಳ ಮದುವೆಗೆ ತಾಯಿ ತನ್ನ ಡೇರೆಯ ಅರ್ಧವನ್ನು ಕೊಟ್ಟು ಹೊಸ ಮನೆ ಕಟ್ಟಬೇಕು. ದಿಬ್ಬಣ ಬರುವಷ್ಟರಲ್ಲಿ ಅದು ನಿಂತಿರದಿದ್ದರೆ ಮದುವೆ ಮುಂದಿನ ವರ್ಷಕ್ಕೆ. ಅದಕ್ಕೆಂದೇ ತಲಾಸೊ ಬಾಗಿದ ಕೋಲುಗಳನ್ನೂ ನಾರಿನ ಚಾಪೆಗಳನ್ನೂ ಹನ್ನೊಂದು ವರ್ಷ ಮಂಚದಡಿ ಇಟ್ಟಿದ್ದಳು. ೨೦೧೪ರ ಆಗಸ್ಟಿನಲ್ಲಿ ಹಿರಿಯ ಮಗಳು ಡರ್ಮಿಯ ಮದುವೆ ಬಂತು. ಡೇರೆ ಕಟ್ಟಲು ತಲಾಸೊ ನಮ್ಮ ಹಿತ್ತಲು ಕೇಳಿದಳು.

ನನ್ನ ಹೆಂಡತಿ ಅಲಮೇಲು ಕೂಡಲೇ ಒಪ್ಪಿ, ಬಾಗಿಲು ಬರುವ ಕಡೆಗೆಂದು ಪೂರ್ವಕ್ಕೆ ರಂಗೋಲಿಯನ್ನೂ ಹಾಕಿದಳು. ಪೂರ್ವದ ಬಾಗಿಲಿಗಾಗಿ ಇವಳು ಮುನ್ನೂರು ಮನೆ ನೋಡಿದ್ದಳು. ಏಜೆಂಟ್ ಬೇಸತ್ತು ದಿಕ್ಸೂಚಿ ಮಾರುವ ವ್ಯಾಪಾರಕ್ಕಿಳಿದಿದ್ದ.

ಮದುವೆಯ ದಿನ ನಾಲ್ಕು ಗಂಟೆಗೆ ತಲಾಸೊ ಬಂದು ರಂಗೋಲಿ ನೋಡಿದಳು. ಆರಕ್ಕೆ ದಿಬ್ಬಣ.

"ಚೆನ್ನಾಗಿದೆ ಅಕ್ಕ. ಆದ್ರೆ ನಮ್ಮ ಬಾಗಿಲು ಪಶ್ಚಿಮಕ್ಕೆ."

"ಪಶ್ಚಿಮಕ್ಕೆ ಫೆನ್ಸ್ ಇದೆಯಲ್ಲೇ. ದಿಬ್ಬಣ ಹೇಗೆ ಬರುತ್ತೆ?"

"ಬಾಗಿಲಿಗೆ ನೇರವಾಗೇ ಬರ್ಬೇಕು. ಇಲ್ಲಿ ಬರಕ್ಕಾಗಲ್ಲ," ಎಂದ ತಲಾಸೊ ಬಿಚ್ಚಿದ್ದ ಹಗ್ಗವನ್ನು ಮತ್ತೆ ಸುತ್ತತೊಡಗಿದಳು. "ಹನ್ನೊಂದು ವರ್ಷ ಕಾದಿದೀನಿ. ಇನ್ನೊಂದು ಕಾಯ್ತೀನಿ. ದಿಕ್ಕು ಮಾತ್ರ ಬದಲಾಯಿಸಲ್ಲ."

ದಿಕ್ಕಿನ ವಿಷಯದಲ್ಲಿ ತನ್ನಷ್ಟೇ ಹಟದವಳನ್ನು ಅಲಮೇಲು ಮೊದಲ ಸಲ ಕಂಡಳು.

"ರೀ, ಸ್ಕ್ರೂಡ್ರೈವರ್ ತನ್ನಿ."

"ಫೆನ್ಸ್ ಕಿತ್ರೆ ಬಡಾವಣೆ ಅಸೋಸಿಯೇಷನ್‌ನವರು ಲೆಟರ್ ಕಳಿಸ್ತಾರೆ ಕಣೇ."

"ಕಳಿಸ್ಲಿ. ರಿಟೈರ್ ಆಗಿದೀರಿ, ಓದ್ಕೊಂಡು ಕೂತಿರಿ."

ನಾನು ಬೇಲಿಯ ಹನ್ನೆರಡು ಹಲಗೆ ಕಿತ್ತೆ. ಆ ಉಮೇದಿನಲ್ಲೇ ಒಂದು ಕೋಲು ಹಿಡಿದು ನಿಲ್ಲಿಸಹೋದೆ.

"ಅಣ್ಣ, ಕೈ ತೆಗೀರಿ. ಗಂಡಸರು ಒಂಟೆ ನೋಡ್ಕೋಬೇಕು."

"ಒಂಟೆ ಎಲ್ಲಿದೆಯಮ್ಮ?"

"ನಿಮ್ಮ ಟೊಯೋಟಾ ಇದೆಯಲ್ಲ. ಅದನ್ನ ಕಾಯ್ರಿ."

ಕಾದೆ. ಓಡಿಹೋಗದಂತೆ ಹ್ಯಾಂಡ್‌ಬ್ರೇಕನ್ನೂ ಎಳೆದೆ. ಅತ್ತ ತಲಾಸೊ ಕೋಲು ನಿಲ್ಲಿಸಿ, ಗಂಟು ಹಾಕಿ, ಚಾಪೆ ಹೊದಿಸಿದಳು. ಅಲಮೇಲು ಹಗ್ಗ ಕೊಡುತ್ತಿದ್ದಳು. ಮನೆಯಲ್ಲಿ ಯಾರ ಮಾತೂ ಕೇಳದವಳು ಅಲ್ಲಿ ಸನ್ನೆಗೆ ಕಾಯುತ್ತಿದ್ದಳು. ಐದೂ ಮುಕ್ಕಾಲಿಗೆ ಮನೆ ನಿಂತಿತು, ಬೋಗುಣಿ ಮಗುಚಿಟ್ಟಂತೆ. ಬಾಗಿಲಿಗೆ ನೇರವಾಗಿ ಬೇಲಿಯ ಕಂಡಿ, ಕಂಡಿಯಾಚೆ ಇಳಿಬಿಸಿಲು. ಆರಕ್ಕೆ ದಿಬ್ಬಣ ಅದರಲ್ಲೇ ಒಳಬಂತು.

ಮದುವೆ ಮುಗಿಸಿ ಹೊರಟಾಗ ತಲಾಸೊಳ ಕಂಕುಳಲ್ಲಿದ್ದದ್ದು ಉಳಿದರ್ಧ ಡೇರೆಯ ಸಣ್ಣದೊಂದು ಕಟ್ಟು. ನಮ್ಮವರು ಮನೆಗೆ ಮೂರನೆಯ ಮಹಡಿ ಕಟ್ಟಿಸಿದೆ ಎನ್ನುವ ದನಿಯಲ್ಲಿ ಅವಳೆಂದಳು, "ನನ್ನ ಮನೆ ಅರ್ಧ ಆಯ್ತು ಅಕ್ಕ."

ಅಲಮೇಲು ಹಲಗೆಗಳತ್ತ ನೋಡಿದಳು. "ಎರಡನೆಯವಳಿಗೆ ಈಗೆಷ್ಟು ವರ್ಷ?"

"ಹದಿನೇಳು."

"ರೀ, ಫೆನ್ಸ್ ಹಾಗೇ ಇರ್ಲಿ."

ಅಸೋಸಿಯೇಷನ್ನಿನ ಪತ್ರಗಳನ್ನು ನಾನಿನ್ನೂ ಓದುತ್ತಿದ್ದೇನೆ.