ಗುಟುಕು ನೀರಿಗೆ ಕಾಯುವ ಭರಮಮ್ಮ

ಇನ್ನೂ ಕಸ ಗುಡಿಸದ ಅಂಗಳ. ಬೆಳಕು ಈಗಷ್ಟೇ ಹರಿಯುತ್ತಿದೆ. ಚೌಡಕ್ಕನ ಮನೆಯ ಮುಂದೆ ಭರಮಮ್ಮ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಾರೆ. ತೊಡೆಯ ಮೇಲೆ ಕಂದು ಬಣ್ಣದ ಒಂದು ಹೇಂಟೆ. ಅದರ ರೆಕ್ಕೆ ಎರಡೂ ಜೋತುಬಿದ್ದಿವೆ, ಜುಟ್ಟು ಕಪ್ಪಿಟ್ಟಿದೆ, ಕತ್ತು ಆಗಾಗ ಒಂದು ಪಕ್ಕಕ್ಕೆ ತಿರುಚಿಕೊಳ್ಳುತ್ತದೆ. ಭರಮಮ್ಮ ಬೆರಳನ್ನು ತಂಬಿಗೆಯಲ್ಲಿ ಅದ್ದಿ ಕೊಕ್ಕಿಗೆ ಒಂದು ಹನಿ ನೀರು ಬಿಡುತ್ತಾರೆ. ಹನಿ ಅಲ್ಲೇ ನಿಲ್ಲುತ್ತದೆ. ಚೌಡಕ್ಕ, ಅವರ ಸೊಸೆ ಸೌಭಾಗ್ಯ, ಪಕ್ಕದ ಮನೆಯ ಉಜ್ಜಿನಪ್ಪ ಮೂವರೂ ಉಸಿರು ಬಿಗಿಹಿಡಿದು ಆ ಹನಿಯನ್ನೇ ನೋಡುತ್ತಾರೆ. ಬಹಳ ಹೊತ್ತಿನ ಮೇಲೆ ಕೋಳಿಯ ಗಂಟಲು ಸಣ್ಣಗೆ ಅಲುಗುತ್ತದೆ.

"ಒಂದು ಗುಟುಕು ನುಂಗೇತಿ. ಇನ್ನಾ ಸ್ವಲ್ಪ ನೋಡೋಣು" ಎನ್ನುತ್ತಾರೆ ಭರಮಮ್ಮ. ಮಾತು ಸಮಾಧಾನದ್ದೇ. ಆದರೆ ಕೈ ಮತ್ತೆ ಮತ್ತೆ ಕೋಳಿಯ ಹೊಟ್ಟೆ ತಡವುತ್ತದೆ.

ಕಾನಹೊಸಹಳ್ಳಿಯಿಂದ ಮೂರು ಮೈಲಿ ಒಳಗಿರುವ ಈ ಊರಲ್ಲಿ ಭರಮಮ್ಮನ ಮನೆ ಎಲ್ಲಿ ಎಂದರೆ, ಯಾವ ಭರಮಮ್ಮ ಎಂದು ಕೇಳುತ್ತಾರೆ. ಕೋಳಿ ಭರಮವ್ವ ಎಂದರೆ ಸಾಕು, ಕೈಹಿಡಿದು ಕರೆದುಕೊಂಡು ಹೋಗುತ್ತಾರೆ. ವಯಸ್ಸು ಐವತ್ತೆರಡು. ಗಂಡ ಗಾದೆಪ್ಪ ಕುರಿ ಹೊಡೆದುಕೊಂಡು ಹೊರಟರೆ ಆರು ತಿಂಗಳು ಊರ ಕಡೆ ಮುಖ ಹಾಕುವುದಿಲ್ಲ. ಭರಮಮ್ಮ ಹಗಲು ಹೊಲದ ಕೂಲಿಗೆ ಹೋಗುತ್ತಾರೆ. ಅದಕ್ಕೆ ಮುಂಚಿನ ಎರಡು ತಾಸು ಊರ ಕೋಳಿಗಳ ಪಾಲು.

ಹತ್ತು ವರ್ಷದ ಹಿಂದೆ, ತೊಂಬತ್ತೊಂದರಲ್ಲಿ, ಊರಲ್ಲೊಂದು ಕೋಳಿ ಲಸಿಕೆಯ ಶಿಬಿರ ನಡೆಯಿತು. ಸೂಜಿ ಹಿಡಿಯಲು ಯಾರು ಬರುತ್ತೀರಿ ಎಂದಾಗ ಗಂಡಸರೆಲ್ಲ ಬೀಡಿ ಹಚ್ಚಿಕೊಂಡರು, ಭರಮಮ್ಮ ಕೈ ಎತ್ತಿದರು. ಅಂದಿನಿಂದ, ಕೋಳಿಗಳ ಕತ್ತು ತಿರುಚಿ ಕೊಲ್ಲುವ ಕೊಕ್ಕರೆ ರೋಗದ ಲಸಿಕೆ ಅವರ ಕೊರಳಿಗೆ ಬಿದ್ದಿದೆ. ಸಂಜೆ ಬಸ್ಸಿಗೆ ಕೂಡ್ಲಿಗಿಯ ದನದ ಆಸ್ಪತ್ರೆಯಿಂದ ಮಂಜುಗಡ್ಡೆ ತುಂಬಿದ ಫ್ಲಾಸ್ಕಿನಲ್ಲಿ ಔಷಧಿ ಸೀಸೆ ತರಬೇಕು. ಮಾರನೆಯ ಬೆಳಗ್ಗೆ ಕೋಳಿಗಳು ಗೂಡಿನಿಂದ ಹೊರಬೀಳುವ ಮುಂಚೆ ಮನೆ ಮನೆ ತಿರುಗಬೇಕು. ಔಷಧಿ ಕಲಸಿದ ಮೇಲೆ ಎರಡು ತಾಸಿನಲ್ಲಿ ಮುಗಿಸಬೇಕು. ನೂರಾ ಹತ್ತು ಮನೆ, ನಾನೂರರ ಮೇಲೆ ಕೋಳಿ. ಒಂದು ಬೆಳಗಿಗೆ ಎಪ್ಪತ್ತು ಕೈಗೆ ಸಿಕ್ಕರೆ ಪುಣ್ಯ. ಒಂದು ಲೋಟ ಚಹ ಕೊಟ್ಟವರುಂಟು, ಕೋಳಿ ಹಿಡಿದುಕೊಡಲೂ ಬೇಸರಪಟ್ಟವರುಂಟು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ.

ಲಸಿಕೆ ಹಾಕುವುದನ್ನೇನೋ ಶಿಬಿರದಲ್ಲಿ ಕಲಿಸಿದರು. ಯಾರೂ ಕಲಿಸದ ಇನ್ನೊಂದು ಕೆಲಸ ತಾನಾಗಿ ಹೆಗಲೇರಿತು. ಕೋಳಿ ಜಡ್ಡಿಗೆ ಬಿದ್ದಾಗ ಅದು ಉಳಿಯುತ್ತದೋ ಇಲ್ಲವೋ, ಉಳಿಯದಿದ್ದರೆ ಅದರ ನರಳಾಟ ಯಾವಾಗ ಮುಗಿಸಬೇಕು ಎಂದು ಹೇಳುವ ಕೆಲಸ. ಮುಗಿಸುವುದೂ ಅವರೇ. ಕೋಳಿ ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬ ಗಾದೆ ಎಲ್ಲರಿಗೂ ಗೊತ್ತು. ಭರಮಮ್ಮ ಮಾತ್ರ ಕೋಳಿಯನ್ನೇ ಕೇಳುತ್ತಾರೆ. ಮೂರು ಸಲ ನೀರು ಬಿಡುತ್ತಾರೆ, ನಡುನಡುವೆ ಬಿಡುವು ಕೊಟ್ಟು. ನುಂಗಿದರೆ ಕಾಯುತ್ತಾರೆ. ಮೂರನೆಯದೂ ಕೊಕ್ಕಿನಿಂದ ಜಾರಿಬಿದ್ದರೆ ಮತ್ತೆ ಕಾಯುವುದಿಲ್ಲ.

ಉಜ್ಜಿನಪ್ಪನಿಗೆ ಈ ಪಂಚಾಯಿತಿ ಹಿಡಿಸುವುದಿಲ್ಲ. "ಹೆಂಗಿದ್ರೂ ಸಾಯಾದು, ಸಾರಾದ್ರೂ ಆಗ್ಲಿ ಬಿಡವ್ವ" ಎನ್ನುತ್ತಾನೆ. ಊರಲ್ಲಿ ಬಹುಮಂದಿಯ ಲೆಕ್ಕಾಚಾರವೂ ಅದೇ. ಜಡ್ಡು ಹತ್ತಿದ ಕೋಳಿ ಒಂದೋ ಒಲೆಯ ಮೇಲೆ, ಇಲ್ಲವೇ ಚೀಲದಲ್ಲಿ ಕೂತು ಸಂತೆಗೆ. ಅದರ ಹಿಂದೆಯೇ ರೋಗ ಊರೂರು ತಿರುಗುತ್ತದೆ. ಭರಮಮ್ಮ ಅವನ ಕಡೆ ತಿರುಗಿ, "ಗಡಿಗಿಗೂ ಹೋಗಂಗಿಲ್ಲ, ಸಂತಿಗೂ ಹೋಗಂಗಿಲ್ಲ. ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಾದು. ನಿನಗ ಸಾರು ಬೇಕಾದ್ರ ನಿಂದೇ ಒಂದು ಗಟ್ಟಿಮುಟ್ಟ ಹುಂಜ ಕೊಯ್ಕೊ" ಎನ್ನುತ್ತಾರೆ. ಉಜ್ಜಿನಪ್ಪ ಹಲ್ಲು ಕಿರಿಯುತ್ತಾನೆ.

ಇಷ್ಟು ಖಡಕ್ಕಾಗಿ ಮಾತಾಡುವ ಹೆಂಗಸು ಕೋಳಿಯ ಹೊಟ್ಟೆಯನ್ನು ಮತ್ತೆ ಮತ್ತೆ ಏಕೆ ತಡವಬೇಕು? ಕಾರಣ ಏಳು ವರ್ಷ ಹಳೆಯದು. ಅವರದೇ ಚುಕ್ಕಿ ಕೋಳಿಯೊಂದು ಎರಡು ದಿನ ಮೇವು ಬಿಟ್ಟು, ಮೈ ಉಬ್ಬಿಸಿಕೊಂಡು ಮೂಲೆ ಸೇರಿತ್ತು. ರೋಗವೇ ಎಂದು ಭರಮಮ್ಮ ಗಾಬರಿಯಾದರು. ಊರಿಗೆಲ್ಲ ಬುದ್ಧಿ ಹೇಳುವವಳು ತನ್ನ ಮನೆಯ ಕೋಳಿಗೆ ದಯೆ ತೋರಿಸಿದಳು ಎನ್ನಬಾರದಲ್ಲ ಎಂದು ಬೆಳಗಾಗುತ್ತಲೇ ಕತ್ತು ಮುರಿದರು. ಹೂಳುವಾಗ ಕೈಗೆ ಏನೋ ಗಟ್ಟಿ ತಾಗಿತು. ಹೊಟ್ಟೆಯಲ್ಲಿ ಸಿಕ್ಕಿಕೊಂಡ ಮೊಟ್ಟೆ.

"ರೋಗನೂ ಇಲ್ಲ, ಏನೂ ಇಲ್ರಿ. ಬಿಸಿನೀರಾಗ ಕುಂದ್ರಿಸಿ, ಹಿಂದ್ಗಡಿ ಹರಳೆಣ್ಣಿ ಸವರಿದ್ರ ಹಾಕ್ತಿತ್ತೋ ಏನೋ. ನಾನು ಮುಟ್ಟಿ ಸುದ್ದ ನೋಡ್ಲಿಲ್ಲ" ಎಂದು ಈಗಲೂ ಹೇಳಿಕೊಳ್ಳುತ್ತಾರೆ. ಅಂದಿನಿಂದ ಯಾವ ಕೋಳಿಯಾದರೂ ಮೊದಲು ಹೊಟ್ಟೆ ತಡವಿ ನೋಡುತ್ತಾರೆ. ಒಂದು ಸಲವಲ್ಲ, ನಾಲ್ಕು ಸಲ.

ಈ ಬೆಳಗಿನ ಕೋಳಿಯ ಸಂಕಟ ಬೇರೆ. ಅದರ ಬಲಗಾಲಿಗೆ ಅರಿಶಿನದ ದಾರ ಕಟ್ಟಿದೆ. ಅಂದರೆ ಅದು ಊರಮ್ಮನಿಗೆ ಬಿಟ್ಟ ಹರಕೆಯ ಕೋಳಿ. ಸೌಭಾಗ್ಯಳಿಗೆ ಎರಡು ಸಲ ಬಸಿರು ನಿಂತಿರಲಿಲ್ಲ. ಮೂರನೆಯ ಸಲ ಚೌಡಕ್ಕ ಈ ಕೋಳಿಯ ಕಾಲಿಗೆ ದಾರ ಕಟ್ಟಿ ಬೇಡಿಕೊಂಡರು. ಈಗ ಸೊಸೆಗೆ ಏಳು ತಿಂಗಳು ತುಂಬಿದೆ. ಹೆರಿಗೆಯಾಗಿ ಹರಕೆ ತೀರುವ ತನಕ ಅಮ್ಮನ ಕೋಳಿಯ ಮೇಲೆ ಯಾರೂ ಕೈ ಮಾಡುವಂತಿಲ್ಲ. ಮಾಡಿದರೆ ಬಸುರಿಗೆ ಕೇಡು ಎಂಬುದು ಊರಿನ ನಂಬಿಕೆ. ಮಾಡದಿದ್ದರೆ ಓಣಿಯಲ್ಲಿ ಸೂಜಿ ತಪ್ಪಿಸಿಕೊಂಡ ಕೋಳಿಗಳಿಗೆಲ್ಲ ರೋಗ. ಭರಮಮ್ಮನದು ಅತ್ತ ದರಿ ಇತ್ತ ಪುಲಿ.

"ಮಂಗಳವಾರ ಅಮ್ಮಗ ಹೂವು ಕೇಳೋಣು. ಬಲಕ್ಕ ಕೊಟ್ಳಂದ್ರ ನಿನ್ನ ಮಾತು ನಡೀಲಿ" ಎನ್ನುತ್ತಾರೆ ಚೌಡಕ್ಕ. ದೇವಿಯ ಮೂರ್ತಿಗೆ ಅಂಟಿಸಿದ ಹೂವು ಬಲಕ್ಕೆ ಬಿದ್ದರೆ ಒಪ್ಪಿಗೆ ಎಂದು ಅರ್ಥ. ಇವತ್ತು ಶನಿವಾರ.

"ಮೂರು ದಿನ ಇದು ಹಿಂಗ ಒದ್ದಾಡ್ಬೇಕೇನು ಚೌಡಕ್ಕ?"

"ನನ್ನ ಸೊಸಿಗೆ ಏನಾರ ಆದ್ರ ನೀನು ಜವಾಬ್ದಾರಿ ಹೊರ್ತೀಯೇನು?"

ಹೊರುತ್ತೇನೆ ಎನ್ನಲು ಭರಮಮ್ಮನೇನು ದೇವರೇ? ಬಿಸಿಲು ಅಂಗಳದ ಒರಳಿನವರೆಗೆ ಬರಲಿ, ಅಲ್ಲಿಯವರೆಗೆ ನೋಡೋಣ ಎಂದಷ್ಟೇ ಹೇಳುತ್ತಾರೆ. ಮತ್ತೆ ಕೋಳಿಯ ಹೊಟ್ಟೆ ತಡವುತ್ತಾರೆ. ಗಟ್ಟಿ ಏನೂ ಇಲ್ಲ. ಬಾಲದಡಿ, ರೋಗದ ಗುರುತಾದ ಹಸಿರು ಹಿಕ್ಕೆ ಅಂಟಿದೆ. ಎರಡನೆಯ ಹನಿ ಅರ್ಧ ಒಳಗೆ, ಅರ್ಧ ಹೊರಗೆ. ಏನೋ ನೆನಪಾದವರಂತೆ ತಲೆ ಎತ್ತಿ, "ಹೋದ ತಿಂಗ್ಳು ನಿಮ್ಮ ಮನ್ಯಾಗ ಒಂಬತ್ತು ಕೋಳಿಗೆ ಸೂಜಿ ಹಾಕಿದ್ನೆಲ್ಲ. ಇದು ಎಲ್ಲಿತ್ತು?" ಎಂದು ಕೇಳುತ್ತಾರೆ.

ಸೌಭಾಗ್ಯಳೇ ಹೇಳುತ್ತಾಳೆ, "ಅತ್ತಿ ಅದನ್ನ ಬುಟ್ಟಿ ಡಬ್ಬು ಹಾಕಿ ಮುಚ್ಚಿಟ್ಟಿದ್ಳು ಚಿಗವ್ವ. ಅಮ್ಮನ ಕೋಳಿ ಮೈಯಾಗ ಸೂಜಿ ಗಾಯ ಆಗಬಾರ್ದಂತ."

ಮುಡಿಪಿನ ಕೋಳಿಗೆ ಒಂದು ಗೀರೂ ಇರಬಾರದು ಎಂಬ ಭಕ್ತಿ ಅದನ್ನು ರೋಗದ ಬಾಯಿಗೆ ಕೊಟ್ಟಿತ್ತು. ಚೌಡಕ್ಕ ಅಲ್ಲೇ ನೆಲದ ಮೇಲೆ ಕೂರುತ್ತಾರೆ. ಭರಮಮ್ಮ ಒಂದು ಬಿರುಸು ಮಾತೂ ಆಡುವುದಿಲ್ಲ. ತನಗೆ ಗೊತ್ತಾಗದೆ ಹೋಯಿತಲ್ಲ, ಬುಟ್ಟಿ ಎತ್ತಿ ನೋಡಬೇಕಿತ್ತಲ್ಲ ಎಂದು ಅವರು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಇಂಥ ದಾರದ ಕೋಳಿ ಊರಲ್ಲಿ ಇನ್ನೆಷ್ಟು ಬುಟ್ಟಿಗಳ ಕೆಳಗಿವೆಯೋ ಎಂಬ ಹೊಸ ಚಿಂತೆ ಅವರನ್ನು ಹಿಡಿಯುತ್ತದೆ.

ಬಿಸಿಲು ಒರಳನ್ನು ಮುಟ್ಟುತ್ತದೆ. ಮೂರನೆಯ ಹನಿ ಕೊಕ್ಕಿನಿಂದ ಜಾರಿ ಭರಮಮ್ಮನ ಸೀರೆಯ ಮೇಲೆ ಬೀಳುತ್ತದೆ. ಅವರು ಇನ್ನೊಂದು ಹನಿ ಬಿಡುತ್ತಾರೆ. ತಮ್ಮದೇ ನಿಯಮ ಮುರಿದು ಮತ್ತೊಂದು. ಎರಡೂ ಜಾರುತ್ತವೆ. ಕೋಳಿ ಬಾಯಿ ತೆರೆದು ಉಸಿರಿಗೆ ಹೆಣಗುತ್ತದೆ, ಕತ್ತು ಪೂರ್ತಿ ಬೆನ್ನಿಗೆ ತಿರುಗುತ್ತದೆ.

ಕಡೆಗೆ ಏಳುವವರು ಚೌಡಕ್ಕ. ಕಾಲಿನ ದಾರ ಬಿಚ್ಚುತ್ತಾರೆ. ಗಂಟು ಬಿಗಿಯಾಗಿದೆ, ಹಲ್ಲಿನಿಂದ ಕಚ್ಚಿ ಬಿಚ್ಚುತ್ತಾರೆ. "ತಾಯಿ, ತಪ್ಪು ನಂದು. ನಿನ್ನ ಜೀವ ನರಳಾದು ನೋಡಾಕ ಆಗವಲ್ದು. ಸಿಟ್ಟು ಇದ್ರ ಈ ಮುದುಕಿ ಮ್ಯಾಲೆ ತೀರಿಸ್ಕೊ, ಆ ಕೂಸಿನ ಮ್ಯಾಲೆ ಬ್ಯಾಡ" ಎಂದು ಗುಡಿಯ ದಿಕ್ಕಿಗೆ ಕೈ ಮುಗಿಯುತ್ತಾರೆ. ಆಮೇಲೆ ಅಂಗಳದ ಆ ತುದಿಯಲ್ಲಿ ಮೇಯುತ್ತಿದ್ದ ಕರಿ ಹೇಂಟೆಯನ್ನು ಹಿಡಿಯಲು ಸೊಸೆಗೆ ಹೇಳುತ್ತಾರೆ. "ಸೂಜಿ ಚುಚ್ಚಿಸ್ಕೊಂಡಿದ್ದೇ ಇರ್ಲಿ" ಎನ್ನುತ್ತ ದಾರವನ್ನು ಅದರ ಕಾಲಿಗೆ ಕಟ್ಟುತ್ತಾರೆ.

ಭರಮಮ್ಮ ಬಣವೆಯ ಮರೆಗೆ ಹೋಗುತ್ತಾರೆ. ಕೆಲಸ ಎರಡು ಉಸಿರಿನಷ್ಟು ಹೊತ್ತಿನದು. ಗುಂಡಿ ತೋಡಲು ಮಾತ್ರ ಅರ್ಧ ತಾಸು ಬೇಕು, ಮೊಣಕಾಲುದ್ದ ಇಲ್ಲದಿದ್ದರೆ ನಾಯಿ ಬಗೆಯುತ್ತದೆ. ತಮಾಷೆ ಮಾಡುತ್ತಿದ್ದ ಉಜ್ಜಿನಪ್ಪನೇ ಸನಿಕೆ ಇಸಿದುಕೊಂಡು ತೋಡುತ್ತಾನೆ. ಭರಮಮ್ಮ ಸುಣ್ಣ ಚೆಲ್ಲಿ, ಮಣ್ಣು ಮುಚ್ಚಿ, ಕೈ ತೊಳೆದು, ಉಳಿದ ಒಂಬತ್ತನ್ನು ಬೇರೆ ಗೂಡಿಗೆ ಹಾಕಿಸಿ ಹೊರಡುತ್ತಾರೆ. ಅವತ್ತು ಕೂಲಿಗೆ ಹೊತ್ತಾಗಿದೆ, ಇನ್ನು ಯಾರೂ ಕರೆಯುವುದಿಲ್ಲ.

ಅವರ ಮನೆಯಂಗಳದಲ್ಲಿ ಒಂದು ಕೋಳಿಯೂ ಇಲ್ಲ. ಇಡೀ ಊರ ಕೋಳಿ ಕಾಯುವವರಿಗೆ ತಮ್ಮದೆಂಬ ಒಂದು ಮರಿಯೂ ಬೇಡವಾಯಿತೇ ಎಂದು ಕೇಳಿದರೆ ಬಾಗಿಲಲ್ಲೇ ಕೂತುಬಿಡುತ್ತಾರೆ.

"ಮಂದಿ ಕೋಳಿ ಆದ್ರ ಕಣ್ಣು ನೋಡ್ತಾವ್ರಿ, ನಮ್ಮದಾದ್ರ ಕಣ್ಣು ತುಂಬ್ಕಂತಾವ. ಚುಕ್ಕಿ ಹೋದ ಮ್ಯಾಲೆ ನನ್ನ ಕೈ ಮ್ಯಾಲೆ ನನಗ ನಂಬಿಕಿ ಇಲ್ಲ" ಎನ್ನುತ್ತಾರೆ. ಚೌಡಕ್ಕನ ಮನೆಯ ಕಡೆ ನೋಡುತ್ತ ಮತ್ತೆ ಹೇಳುತ್ತಾರೆ. "ಇನ್ನ ಎರಡು ತಿಂಗ್ಳು ನನಗ ನಿದ್ದಿ ಬರಂಗಿಲ್ರಿ. ಆ ಹುಡುಗಿ ಹಗೂರಾಗಿ ಹಡದು, ಕೂಸು ಅಳಾದು ನನ್ನ ಕಿವಿಗೆ ಬಿದ್ರ, ಅವತ್ತು ನಾನೂ ಒಂದು ಹ್ಯಾಟಿ ತಂದು ಸಾಕ್ತೀನಿ."