ಹೆವಿ ಲೈಸೆನ್ಸಿಗೆ ಎರಡು ಶಾಲೆ

ಪುತ್ತರಿ ಹಬ್ಬ ಕಳೆದ ಮೇಲೆ ಕೆಲಸ ಬಿಡುತ್ತೇನೆಂದು ನಮ್ಮ ಎಸ್ಟೇಟಿನ ಲಾರಿ ಡ್ರೈವರ್ ಹೇಳಿದ ದಿನವೇ ಆ ಸೀಟು ನನಗೆ ಬೇಕೆಂದು ನಾನು ತೀರ್ಮಾನ ಮಾಡಿದ್ದೆ. ಆಗ ನಾನು ಅದೇ ಎಸ್ಟೇಟಿನಲ್ಲಿ ಪಿಕಪ್ ಓಡಿಸುತ್ತಿದ್ದೆ. ಬೆಳಿಗ್ಗೆ ಲೈನ್ ಮನೆಗಳಿಂದ ಕೆಲಸದವರನ್ನು ತೋಟಕ್ಕೆ ಬಿಡುವುದು, ಮಧ್ಯಾಹ್ನ ಗೊಬ್ಬರ ಸಾಗಿಸುವುದು, ಸಂಜೆ ಕಾಫಿ ಹಣ್ಣಿನ ಚೀಲಗಳನ್ನು ಕಣಕ್ಕೆ ತರುವುದು, ಹೀಗೆ ಆರು ವರ್ಷ ಕಳೆದಿತ್ತು. ಲಾರಿ ಕೆಟ್ಟು ನಿಂತರೆ ರಸ್ತೆ ಸರಿಯಿಲ್ಲ ಎನ್ನುತ್ತಿದ್ದವರೇ ಪಿಕಪ್ ಕೆಟ್ಟು ನಿಂತರೆ ಹೆಂಗಸು ಓಡಿಸಿದ್ದಲ್ಲವೇ ಎನ್ನುತ್ತಿದ್ದರು. ಆ ಪಿಕಪ್ಪಿಗೂ ವಯಸ್ಸಾಗಿತ್ತು. ಈ ಸಲದ ಕಾಫಿ ಪಿಕ್ಕಿಂಗ್ ಮುಗಿದೊಡನೆ ಅದನ್ನು ಮಾರುವುದೆಂದು ತೋಟದ ಯಜಮಾನರಾದ ಸಾಹುಕಾರರು ಹೇಳಿಬಿಟ್ಟಿದ್ದರು. ಮಾರಿದ ಮೇಲೆ ನಾನು ಮತ್ತೆ ಕಣದಲ್ಲಿ ಕಾಫಿ ಹರಡುವ ಕೆಲಸಕ್ಕೆ ಹೋಗಬೇಕಿತ್ತು.

ಮ್ಯಾನೇಜರ್ ಹತ್ತಿರ ಹೋಗಿ ಕೇಳಿದೆ. ಅವರು ರಿಜಿಸ್ಟರಿನಿಂದ ತಲೆ ಎತ್ತದೆ ಹೇಳಿದರು. "ಹೆವಿ ಲೈಸೆನ್ಸ್ ತಂದು ತೋರಿಸು. ಪಿಕ್ಕಿಂಗ್ ಶುರು ಆಗುದರೊಳಗೆ. ಮತ್ತೆ ನೋಡುವ."

ಗೋಣಿಕೊಪ್ಪಲಿನ ಪೇಟೆಯಲ್ಲಿ ಒಂದು ಖಾಸಗಿ ಡ್ರೈವಿಂಗ್ ಸ್ಕೂಲ್ ಇತ್ತು. ಬೇಕರಿಯ ಮಹಡಿಯ ಮೇಲೆ ಒಂದೇ ಕೋಣೆ, ಒಂದು ಮೇಜು, ಟ್ರಾಫಿಕ್ ಚಿಹ್ನೆಗಳ ಮಾಸಿದ ಒಂದು ಪಟ, ಕೆಳಗೆ ಬೀದಿಯಲ್ಲಿ ಒಂದು ಹಳೆಯ ಲಾರಿ. ಮಾಲೀಕರು ನನ್ನನ್ನು ಕೂರಿಸಿ ಟೀ ತರಿಸಿದರು.

"ಅಕ್ಕ, ನೀವು ದಿನಾ ಬರ್ಬೇಕು ಅಂತ ಇಲ್ಲ. ಫೋಟೋ, ಆಧಾರ್, ಫೀಸ್ ಕೊಡಿ. ಟೆಸ್ಟ್ ದಿವಸ ಒಂದು ಬನ್ನಿ."

"ಮತ್ತೆ ಕಲಿಯುದು ಯಾವಾಗ?"

"ಕಲಿಯುದೆಂತ? ಪಿಕಪ್ ಓಡಿಸ್ತೀರಲ್ಲ. ಲಾರಿ ಅಂದ್ರೆ ಅದೇ, ಸ್ವಲ್ಪ ಉದ್ದ ಉಂಟು."

ನಾನು ಕಲಿಯಲೇಬೇಕು ಎಂದೆ. ಅವರು ನನ್ನನ್ನು ಸ್ವಲ್ಪ ಅನುಮಾನದಿಂದ ನೋಡಿದರು. ಅವರ ಶಾಲೆಗೆ ಕಲಿಯಲೆಂದು ಬಂದವರು ಬಹಳ ಇರಲಿಲ್ಲ ಅಂತ ಕಾಣುತ್ತದೆ. ಯೋಚಿಸಿ ಬರುತ್ತೇನೆಂದು ಹೇಳಿ ಎದ್ದು ಬಂದೆ.

ಅದೇ ವಾರ ವಾಟ್ಸಾಪಿನಲ್ಲಿ ಇನ್ನೊಂದು ಶಾಲೆಯ ಜಾಹೀರಾತು ಬಂತು. ಇದು ಒಂದು ಸಾಗಣೆ ಕಂಪನಿಯೇ ನಡೆಸುವ ಶಾಲೆ, ಕುಶಾಲನಗರ ದಾಟಿ ಮೈಸೂರು ರಸ್ತೆಯಲ್ಲಿತ್ತು. ತರಬೇತಿ ಉಚಿತ, ಊಟ ಉಚಿತ, ಹಾಸ್ಟೆಲ್ ಉಚಿತ, ಬೂಟು ಕೂಡ ಉಚಿತ. ಕೊನೆಯಲ್ಲಿ ಗುಲಾಬಿ ಬಣ್ಣದ ಅಕ್ಷರದಲ್ಲಿ 'ಮಹಿಳೆಯರಿಗೆ ಆದ್ಯತೆ' ಎಂದಿತ್ತು. ನನ್ನ ಗಂಡನಿಗೆ ತೋರಿಸಿದೆ. ಅವನು ಓದಿ, "ಪುಕ್ಕಟೆ ಕೊಡ್ತಾರೆ ಅಂದ್ರೆ ಒಳಗೆ ಎಂತದೋ ಉಂಟು" ಎಂದ. ಪುಕ್ಕಟೆ ಸಿಗುವ ಎಲ್ಲದರ ಬಗ್ಗೆಯೂ ಅವನ ಅಭಿಪ್ರಾಯ ಇದೇ, ಸಾಹುಕಾರರ ಮನೆಯ ಮದುವೆ ಊಟ ಒಂದನ್ನು ಬಿಟ್ಟು.

ಮೊದಲ ಐದು ದಿನ ಸುಮ್ಮನೆ ಬಂದು ನೋಡಬಹುದು, ಆಮೇಲೆ ಸೇರಬಹುದು ಎಂದು ಕಂಪನಿಯವರು ಹೇಳಿದ್ದರಿಂದ ರಜೆ ಹಾಕಿ ಹೋದೆ. ತರಗತಿಯ ಕೋಣೆಯಲ್ಲಿ ಎಸಿ ಇತ್ತು. ಚಳಿಗೆ ಹೆಸರಾದ ಗಾಳಿಬೀಡಿನಿಂದ ಬಂದಿದ್ದ ಒಬ್ಬ ಕೂಡ ಸ್ವೆಟರ್ ಹಾಕಿಕೊಂಡೇ ಕೂತಿದ್ದ. ಮೊದಲ ದಿನ ಕಂಪನಿಯ ಚರಿತ್ರೆ ಹೇಳಿದರು. ಎರಡನೆಯ ದಿನ ಪೂರ್ತಿ ಹ್ಯಾಂಡ್‌ಬ್ರೇಕಿನ ಪಾಠ, ಚಿತ್ರ ಸಮೇತ. ನಾನು ಕಿಟಕಿಯ ಹೊರಗೆ ಸಾಲಾಗಿ ನಿಂತಿದ್ದ ಹೊಸ ಲಾರಿಗಳನ್ನು ನೋಡುತ್ತಾ ಕೂತೆ. ಮೂರನೆಯ ದಿನ ಗ್ರಾಹಕರ ಮುಂದೆ ಹೇಗೆ ನಗಬೇಕು ಎಂದು ಕಲಿಸಿದರು. ಲಾರಿ ಡ್ರೈವರ್ ನಕ್ಕರೆ ನಮ್ಮ ಕಡೆ ಚೆಕ್‌ಪೋಸ್ಟಿನಲ್ಲಿ ಇಳಿಸಿ ಊದಿಸುತ್ತಾರೆ ಎಂದು ನಾನು ಹೇಳಲಿಲ್ಲ.

ನಾಲ್ಕನೆಯ ದಿನ ನನ್ನನ್ನು ಮಾತ್ರ ಹೊರಗೆ ಕರೆದರು. ಆ ಬ್ಯಾಚಿನಲ್ಲಿ ಹೆಂಗಸು ನಾನೊಬ್ಬಳೇ. ಒಂದು ಹೊಸ ಲಾರಿಯ ಬಾಗಿಲು ತೆಗೆದು ಹತ್ತಿ ಕೂರಿ ಎಂದರು. ಹತ್ತಿ ಕೂತೆ, ಸ್ಟೇರಿಂಗ್ ಹಿಡಿದೆ, ಕೀ ಕೇಳಿದೆ. ಕೀ ಬೇಡ, ಫೋಟೋಕ್ಕೆ ಎಂದರು. ಫೋಟೋ ತೆಗೆಯುವವನು, "ಮೇಡಂ, ನಿಮ್ಮ ಭವಿಷ್ಯ ಕಾಣ್ತಿದೆ ಅನ್ನೋ ಹಾಗೆ ದೂರ ನೋಡಿ" ಎಂದ. ಎದುರಿಗೆ ಕಾಂಪೌಂಡ್ ಗೋಡೆ ಇತ್ತು. ನಾನು ಅದನ್ನೇ ನೋಡಿದೆ.

ಐದನೆಯ ದಿನ ಬಾಂಡ್ ಕೊಟ್ಟರು. ಮೂರು ವರ್ಷ ಕಂಪನಿ ಹೇಳಿದ ಊರಿನಲ್ಲಿ, ಕಂಪನಿ ಹೇಳಿದ ಕೆಲಸ. ಅಲ್ಲಿಯವರೆಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಅಸಲು ಪ್ರತಿ ಅವರ ಕಪಾಟಿನಲ್ಲಿ. ನಾನು ಅಲ್ಲಿದ್ದ ಆಫೀಸಿನ ಹೆಂಗಸನ್ನು ಕೇಳಿದೆ.

"ಲಾರಿ ಕೈಗೆ ಯಾವಾಗ ಕೊಡ್ತೀರಿ?"

"ಲೇಡೀಸ್‌ಗೆ ಮೊದಲು ಆಫೀಸಲ್ಲಿ ಎಕ್ಸ್‌ಪೀರಿಯೆನ್ಸ್ ಆಗ್ಬೇಕು ಮೇಡಂ. ಪಾಲಿಸಿ ಹಾಗಿದೆ."

"ಹೋದ ವರ್ಷ ಕಲಿತ ಹೆಂಗಸು ಇದ್ದಾರಂತಲ್ಲ, ಅವರು ಎಲ್ಲಿ ಓಡಿಸ್ತಾರೆ?"

ಆಕೆ "ನಾನೇ ಅವಳು" ಎಂದಳು. ಕಲಿಸಿದ ಪ್ರಕಾರ ನಕ್ಕಳು ಕೂಡ. ನನಗೆ ತುಂಬಾ ಬೇಜಾರಾಯಿತು. ಬಾಂಡನ್ನು ಮಡಚಿ ಆಕೆಯ ಮೇಜಿನ ಮೇಲೆಯೇ ಇಟ್ಟು ಬಸ್ಸು ಹತ್ತಿದೆ.

ಒಂದು ಕಡೆ ಪಾಠ ಇತ್ತು, ಲಾರಿ ಕೊಡುತ್ತಿರಲಿಲ್ಲ. ಇನ್ನೊಂದು ಕಡೆ ಲಾರಿ ಇತ್ತು, ಪಾಠ ಬೇಡ ಎನ್ನುತ್ತಿದ್ದರು. ಪಾಠ ಹೇಗೋ ಆಗುತ್ತದೆ, ಲಾರಿಯನ್ನು ನಾನು ಎಲ್ಲಿಂದ ತರಲಿ? ಸೋಮವಾರ ಬೇಕರಿಯ ಮೆಟ್ಟಿಲು ಹತ್ತಿ ಫೀಸು ಕಟ್ಟಿದೆ, ಎಲ್‌ಎಲ್‌ಆರ್ ಮಾಡಿಸಿದೆ. ಎಸ್ಟೇಟಿನಲ್ಲಿ ಅರ್ಧ ದಿನದ ರಜೆ ಕೇಳಿಕೊಂಡು ಮಧ್ಯಾಹ್ನದ ಮೇಲೆ ದಿನಾ ಬರುತ್ತೇನೆ ಎಂದೂ ಹೇಳಿದೆ.

ಆ ಶಾಲೆಯ ಲಾರಿ ಪಾಠಕ್ಕೆಂದು ಓಡುತ್ತಿರಲಿಲ್ಲ, ಬಾಡಿಗೆ ಸಿಕ್ಕಾಗ ಓಡುತ್ತಿತ್ತು. ಇಟ್ಟಿಗೆ, ಸೌದೆ, ಗೊಬ್ಬರ, ಯಾವುದು ಸಿಕ್ಕರೂ ಅದೇ ಅವತ್ತಿನ ಪಾಠ. ಲೋಡ್ ಇಳಿಸುವುದನ್ನು ಮಾಲೀಕರು ಪ್ರಾಕ್ಟಿಕಲ್ ಎಂದು ಕರೆಯುತ್ತಿದ್ದರು. ಮೊದಲ ವಾರ ಅವರು ಪಕ್ಕದಲ್ಲಿ ಕೂತು ಬೈದರು. ಎರಡನೆಯ ವಾರ ಫೋನಿನಲ್ಲಿ ಬೇರೆಯವರನ್ನು ಬೈದರು. ಮೂರನೆಯ ವಾರ ಇಟ್ಟಿಗೆ ತುಂಬಿಕೊಂಡು ನಾಪೋಕ್ಲಿಗೆ ಹೋಗುವಾಗ ಬಾಯಿ ತೆರೆದು ನಿದ್ದೆ ಮಾಡಿದರು. ಅಂದು ನಾನು ಡ್ರೈವರ್ ಆದೆ ಎಂದು ತಿಳಿದುಕೊಂಡೆ.

ಆದರೆ ನಮ್ಮ ಕಡೆಯ ಒಂದು ಅಭ್ಯಾಸವನ್ನು ಇಲ್ಲಿ ಹೇಳಲೇಬೇಕು. ಎಸ್ಟೇಟ್ ಗಾಡಿಗಳಲ್ಲಿ ಹ್ಯಾಂಡ್‌ಬ್ರೇಕ್ ಎಂದರೆ ಊಟದ ಚೀಲ ಸಿಕ್ಕಿಸುವ ಜಾಗ. ಅದು ಹಿಡಿಯುತ್ತದೆ ಎಂದು ಯಾರೂ ನಂಬುವುದಿಲ್ಲ. ಏರಿನಲ್ಲಿ ನಿಲ್ಲಿಸಬೇಕಾದರೆ ಡ್ರೈವರ್ ಕಾಲುಬ್ರೇಕ್ ಒತ್ತಿ ಹಿಡಿದು, ತಲೆ ಹೊರಗೆ ಹಾಕಿ, "ಕಲ್ಲು ಕೊಡಿ" ಎನ್ನುತ್ತಾನೆ. ಹಿಂದೆ ಕೂತವರಲ್ಲಿ ಯಾರಾದರೂ ಹಾರಿ ಚಕ್ರಕ್ಕೆ ಕಲ್ಲು ಕೊಡುತ್ತಾರೆ. ಶಾಲೆಯ ಲಾರಿಯಲ್ಲೂ ಅದೇ ಕ್ರಮ. ಒಂದು ಒಳ್ಳೆಯ ಕಲ್ಲನ್ನು ಅವರು ಸೀಟಿನ ಅಡಿಯಲ್ಲೇ ಇಟ್ಟಿದ್ದರು.

ಟೆಸ್ಟಿನ ದಿನ ಎಲ್ಲಿಂದಲೋ ಬೇರೊಂದು ಲಾರಿ ತಂದಿದ್ದರು, ಬ್ರೇಕ್ ಎಲ್ಲ ಸರಿಯಾಗಿದ್ದದ್ದು. ಇನ್ಸ್‌ಪೆಕ್ಟರ್ ಪಕ್ಕದಲ್ಲಿ ಕೂತರು. ಮುಂದಕ್ಕೆ, ಹಿಂದಕ್ಕೆ, ತಿರುವು, ಎಲ್ಲ ಚೆನ್ನಾಗಿಯೇ ಆಯಿತು. ಕೊನೆಗೆ ಏರಿನ ಮಧ್ಯೆ ನಿಲ್ಲಿಸಿ ಮತ್ತೆ ಹೊರಡಿಸು ಎಂದರು. ನಿಲ್ಲಿಸಿದೆ. ಆರು ವರ್ಷದ ಅಭ್ಯಾಸ, ತಲೆ ತಾನಾಗಿಯೇ ಹೊರಗೆ ಹೋಯಿತು. "ಕಲ್ಲು ಕೊಡಿ" ಎಂದೆ.

ಇನ್ಸ್‌ಪೆಕ್ಟರ್ ಬಯಲುಸೀಮೆಯವರು. "ಯಾವ ಕಲ್ಲಮ್ಮಾ?" ಎಂದು ಕೇಳಿದರು. ಅವರು ಕೇಳಿ ಮುಗಿಸುವಷ್ಟರಲ್ಲಿ ಟೆಸ್ಟಿಗೆ ಕಾಯುತ್ತಿದ್ದ ಸಾಲಿನಿಂದ ಮೂರು ಜನ ಕಲ್ಲು ಎತ್ತಿಕೊಂಡು ಓಡಿ ಬಂದಿದ್ದರು. ಎಲ್ಲರೂ ಎಸ್ಟೇಟ್ ಜೀಪಿನವರೇ. ಒಬ್ಬ ಎಡಚಕ್ರಕ್ಕೆ, ಒಬ್ಬ ಬಲಚಕ್ರಕ್ಕೆ, ಇನ್ನೊಬ್ಬ ಬಾಕಿ ಯಾವ ಚಕ್ರಕ್ಕೆ ಎಂದು ನನ್ನನ್ನೇ ಕೇಳುತ್ತಿದ್ದ. ನನ್ನನ್ನು ಫೇಲ್ ಮಾಡಿದರು. ಕಲ್ಲು ತಂದವರಿಗೂ ಕರೆದು ಬುದ್ಧಿ ಹೇಳಿದರು.

ಒಂದು ದಿನ ನೋಡಿದರೆ ಸಾಕಿದ್ದ ಹ್ಯಾಂಡ್‌ಬ್ರೇಕಿನ ವಿಷಯಕ್ಕೆ ಫೇಲಾದೆನಲ್ಲ ಎಂದು ನಾಚಿಕೆಯಾಯಿತು. ಕಂಪನಿಯವರು ಚಿತ್ರ ಸಮೇತ ತೋರಿಸಿದ್ದರು, ನಾನು ಕಿಟಕಿ ನೋಡುತ್ತಿದ್ದೆ. ಶಾಲೆಯ ಮಾಲೀಕರು ಸಮಾಧಾನ ಮಾಡಲು ಬಂದರು. "ನಾನು ಅವತ್ತೇ ಹೇಳಿದ್ದಲ್ಲ ಅಕ್ಕ. ಕಲಿತರೆ ಹೀಗೇ ಆಗುದು."

ಅದೇ ಸಾಲಿನಲ್ಲಿ ಕೆಲಸ ಬಿಡಲಿದ್ದ ನಮ್ಮ ಎಸ್ಟೇಟಿನ ಲಾರಿ ಡ್ರೈವರನ ಸೋದರಳಿಯನೂ ಇದ್ದ. ಅವನನ್ನು ಶಾಲೆಯಲ್ಲಿ ನಾನು ಒಂದು ದಿನವೂ ಕಂಡಿರಲಿಲ್ಲ. ಅವನ ಸರದಿ ಬರುವಾಗ ಜೋರು ಮಳೆ ಹೊಡೆಯಿತು. ಏರು ಜಾರುತ್ತದೆ ಎಂದು ಸಮತಟ್ಟಿನಲ್ಲೇ ಮುಂದಕ್ಕೆ ಸ್ವಲ್ಪ, ಹಿಂದಕ್ಕೆ ಸ್ವಲ್ಪ ಓಡಿಸಿ ಸಾಕು ಎಂದರು. ಅವನು ಪಾಸಾದ.

ನನಗೆ ಎರಡನೆಯ ಟೆಸ್ಟಿನ ದಿನ ಸಿಗುವಾಗ ಮೂರು ವಾರ ಕಳೆದಿತ್ತು. ಆ ಸಲ ಹ್ಯಾಂಡ್‌ಬ್ರೇಕ್ ಎಳೆದೆ, ಪಾಸಾದೆ. ಲೈಸೆನ್ಸ್ ಹಿಡಿದುಕೊಂಡು ಎಸ್ಟೇಟ್ ಆಫೀಸಿಗೆ ಹೋಗುವಾಗ ಪುತ್ತರಿ ಕಳೆದಿತ್ತು, ಲಾರಿಯ ಸೀಟಿನಲ್ಲಿ ಸೋದರಳಿಯ ಕೂತಿದ್ದ.

"ನಿನಗೆ ಫೇಲ್ ಆಯ್ತಂತಲ್ಲ" ಎಂದರು ಮ್ಯಾನೇಜರ್. "ಅವ ಒಂದೇ ಸಲಕ್ಕೆ ಪಾಸು."

ಕಾಗದದ ಪ್ರಕಾರ ಅವನು ನನಗಿಂತ ಒಳ್ಳೆಯ ಡ್ರೈವರ್. ಪಿಕಪ್ಪಿನ ಕೀ ತೆಗೆದುಕೊಂಡು ಹೊರಗೆ ಬಂದೆ.

ಪಿಕ್ಕಿಂಗ್ ಶುರುವಾಗಿ ಕಣ ತುಂಬಿತು. ಒಣಗಿದ ಕಾಫಿಯ ಮೊದಲ ಲೋಡ್ ಕ್ಯೂರಿಂಗ್ ಕಾರ್ಖಾನೆಗೆ ಹೊರಟ ದಿನ ಲಾರಿ ಕಣದ ಮೇಲಿನ ತಿರುವಿನಲ್ಲಿ ನಿಂತಿತು. ಸೋದರಳಿಯ ಸ್ಟಾರ್ಟ್ ಮಾಡುವುದು, ಲಾರಿ ಹಿಂದಕ್ಕೆ ಜಾರುವುದು, ಆಫ್ ಆಗುವುದು. ನಾಲ್ಕು ಸಲ ಹೀಗಾದ ಮೇಲೆ ಮ್ಯಾನೇಜರ್ ನನಗೆ ಕೈ ಬೀಸಿದರು. "ಏರು ಒಂದು ಹತ್ತಿಸಿ ಕೊಡು." ನಾನು ಹತ್ತಿ ಕೂತು, ತಿರುವು ದಾಟಿಸಿ, ಎಸ್ಟೇಟಿನ ಗೇಟಿನ ತನಕ ಓಡಿಸಿ ಕೊಟ್ಟೆ. ಅಲ್ಲಿಂದ ಟಾರು ರಸ್ತೆ. ಸೀಟು ಬಿಟ್ಟು ಇಳಿದು ಪಿಕಪ್ಪಿಗೆ ನಡೆದು ಬಂದೆ. ಮರುದಿನವೂ ಅದೇ. ಹತ್ತು ದಿನ ಹೀಗೇ ನಡೆಯಿತು. ಕಷ್ಟದ ರಸ್ತೆ ನನ್ನದು, ಸಂಬಳ ಅವನದು. ದಿನಾ ಗೇಟಿನಲ್ಲಿ ಇಳಿದು ಅವನು ಗೇರ್ ಕಿರುಗುಟ್ಟಿಸಿಕೊಂಡು ಹೋಗುವುದನ್ನು ನೋಡುವಾಗ ಅಳು ಬರುತ್ತಿತ್ತು.

ಹನ್ನೊಂದನೆಯ ದಿನ ಮ್ಯಾನೇಜರಿಗೆ ಹೊಸ ಯೋಚನೆ ಹೊಳೆಯಿತು. ತಿರುವು ಹತ್ತಿಸಿ ನಿಲ್ಲಿಸಿದಾಗ ಹತ್ತಿರ ಬಂದು, "ಹೀಗೆ ದಿನಾ ಬರುದರ ಬದಲು ನೀನೇ ಅವನಿಗೆ ಕಲಿಸಿಬಿಡು" ಎಂದರು. ಲಾರಿ ಓಡಿಸುವ ಕೆಲಸಕ್ಕೆ ಬೇಡವಾದವಳು ಲಾರಿ ಕಲಿಸುವ ಮೇಷ್ಟ್ರಾಗಿ ನೇಮಕವಾದೆ, ಅದೂ ಪುಕ್ಕಟೆ.

ನಾನು ಇಂಜಿನ್ ಆಫ್ ಮಾಡಿದೆ. ಹಿಂದೆ ಗೊಬ್ಬರದ ಟ್ರ್ಯಾಕ್ಟರ್ ಬಂದು ಹಾರ್ನ್ ಹೊಡೆಯಿತು. ಆ ರಸ್ತೆಯಲ್ಲಿ ಎರಡು ಗಾಡಿಗೆ ಜಾಗ ಇಲ್ಲ.

"ಕಲಿಸ್ಲಿಕ್ಕೆ ಆಗುದಿಲ್ಲ ಸಾರ್. ಓಡಿಸ್ಲಿಕ್ಕೆ ಆಗ್ತದೆ. ಗೇಟಿನ ತನಕ ಅಲ್ಲ, ಕ್ಯೂರಿಂಗ್ ತನಕ."

"ಎಂತ ಮಾತು ಇದು? ಅವನನ್ನು ಸೇರಿಸಿ ಆಯ್ತಲ್ಲ."

ಆಗ ಎಡಗಡೆಯ ಸೀಟಿನಲ್ಲಿದ್ದ ಸೋದರಳಿಯ ಬಾಯಿ ತೆರೆದ. ಹತ್ತು ದಿನದಲ್ಲಿ ಅವನು ನನ್ನ ಮುಂದೆ ಮಾತಾಡಿದ್ದು ಅದೇ ಮೊದಲು. "ಅಕ್ಕನೇ ಓಡಿಸ್ಲಿ ಸಾರ್. ನನಗೆ ಹೆದರಿಕೆ ಆಗ್ತದೆ. ರಾತ್ರಿ ನಿದ್ದೆ ಬರುದಿಲ್ಲ. ಮಾವ ಹೇಳಿದ್ರು ಅಂತ ಬಂದದ್ದು." ಅವನು ಮೊಣಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಇಷ್ಟು ದಿನ ಇವನನ್ನು ಮನಸ್ಸಿನಲ್ಲಿ ಎಷ್ಟು ಬೈದಿದ್ದೆ ಎಂದು ನೆನೆದು ನನಗೆ ಕೆಡುಕೆನಿಸಿತು.

ಮ್ಯಾನೇಜರ್ ಅವನನ್ನು ನೋಡಿದರು, ಟ್ರ್ಯಾಕ್ಟರನ್ನು ನೋಡಿದರು, ಗಡಿಯಾರ ನೋಡಿದರು. "ಆಯ್ತು, ಹೋಗು" ಎಂದು ದಾರಿ ಬಿಟ್ಟು ಪಕ್ಕಕ್ಕೆ ಸರಿದರು.

ಲಾರಿ ಗೇಟಿನ ಹತ್ತಿರ ಬಂತು. ದಿನಾ ನಿಲ್ಲಿಸುವ ಜಾಗ ಬಂದಾಗ ಕಾಲು ಬ್ರೇಕಿನ ಮೇಲೆ ಹೋಗಿತ್ತು. ತೆಗೆದು ಆಕ್ಸಿಲರೇಟರ್ ಮೇಲೆ ಇಟ್ಟೆ. ಲಾರಿಯನ್ನು ಟಾರು ರಸ್ತೆಗೆ ತಿರುಗಿಸಿದೆ. ಅಂದು ನಾನು ಇಳಿಯಲಿಲ್ಲ.